ಯಾವ ಪೆಟ್ಟಿಗೆಯ ದನಿ ಚೆಂದ?

ಹಾಡುವ ಪೆಟ್ಟಿಗೆಗಳನ್ನು ಎದುರುಬದುರು ಇಟ್ಟುಕೊಂಡು ‘ಇದರ ದನಿ ಚೆಂದವೋ, ಅದರ ದನಿ ಚೆಂದವೋ’ ಎಂದು ತೂಗಿ ನೋಡುವುದು ಇಂದಿನ ತರುಣರು ಹೊಸದಾಗಿ ಕಂಡುಕೊಂಡ ಹವ್ಯಾಸವೇನಲ್ಲ. ಅಂಗೈಯಗಲದ ಮ್ಯೂಸಿಕ್ ಪ್ಲೇಯರುಗಳು, ಅವುಗಳ ಜೊತೆಗೆ ಜೇಬಿನಲ್ಲಿ ಇಟ್ಟುಕೊಳ್ಳಬಹುದಾದ ಪುಟ್ಟ ಆಂಪ್ಲಿಫೈಯರುಗಳು, ಅವಕ್ಕೆ ತಕ್ಕ ಹೆಡ್‌ಫೋನುಗಳು – ಇವುಗಳಿಗಾಗಿ ಲಕ್ಷ ರೂಪಾಯಿ ತೆತ್ತು, ‘ಇದರಲ್ಲಿ ತಂಬೂರಿಯ ಝೇಂಕಾರ ನಿಚ್ಚಳ, ಅದರಲ್ಲಿ ಮೃದಂಗದ ಎಡಬದಿ ಗಂಭೀರ’ ಎಂದು ವಾದಿಸುವವರು ಬೆಂಗಳೂರಿನಲ್ಲಿರುವಂತೆ ನಮ್ಮ ಚಿತ್ರದುರ್ಗದಲ್ಲಿಯೂ ಇದ್ದಾರೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿಯೇ ಅಂಥ ಕೆಲವರುಂಟು. ‘ಸಾರ್, ನೀವು ವಿಜ್ಞಾನದ ಮೇಷ್ಟ್ರು, ಯಾವುದನ್ನು ಕೊಳ್ಳಲಿ ಹೇಳಿ’ ಎಂದು ಅವರು ಕೇಳುವುದುಂಟು. ಉತ್ತರಕ್ಕೆ ಮೊದಲು ಆ ಪ್ರಶ್ನೆಯ ಚರಿತ್ರೆಯನ್ನೇ ಒಂದಿಷ್ಟು ಅವಲೋಕಿಸುವುದು ಒಳ್ಳೆಯದೆಂದು ನನಗೆ ತೋರುತ್ತದೆ. ಏಕೆಂದರೆ ಒಂದೊಂದು ಕಾಲದವರು ಒಂದೊಂದು ಅಳತೆಗೋಲು ಹಿಡಿದು ‘ಚೆಂದ’ ಎಂಬುದನ್ನು ನಿರ್ಣಯಿಸಿದ್ದಾರೆ.

ಹೊತ್ತೊಯ್ಯಬಹುದಾದ ನಾದದ ಕಥೆ ನಮ್ಮಲ್ಲಿ ಕೀಲಿ ಕೊಡುವ ಗ್ರಾಮಫೋನಿನಿಂದ ಮೊದಲಾಗುತ್ತದೆ. 1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬಾತ ಕಲ್ಕತ್ತೆಗೆ ಬಂದು ಅಲ್ಲಿನ ಗಾಯಕ ಗಾಯಕಿಯರ ದನಿಯನ್ನು ಮುದ್ರಿಸಿಕೊಂಡನು. ಅಂದು ಹಾಡಿದವರಲ್ಲಿ ಹೆಸರುವಾಸಿಯಾದ ಗೌಹರ್ ಜಾನ್ ಮುಂದೆ ಮೈಸೂರು ಅರಸರ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ಕಣ್ಮುಚ್ಚಿದರು. ಅದಾದ ಮರುವರ್ಷ, 1931ರಲ್ಲಿ, ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿಯು 102 ಎಂಬ ಮಾದರಿಯ ಗ್ರಾಮಫೋನನ್ನು ಹೊರತಂದಿತು. ಮುಚ್ಚಿದರೆ ಕೈಪೆಟ್ಟಿಗೆ, ತೆರೆದರೆ ಸಂಗೀತ ಕಚೇರಿ! ಕರೆಂಟು ಬೇಡ, ಸೆಲ್ಲು ಬೇಡ. ಕೀಲಿ ಕೊಟ್ಟರೆ ಸಾಕು, ಅರಗು ಬೆರೆತ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಆ ಅರಗಿನ ಬಹುಭಾಗ ಹೋಗುತ್ತಿದ್ದುದು ನಮ್ಮ ದೇಶದ ಕಾಡುಗಳಿಂದಲೇ. ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷದಷ್ಟು ಹಾಡು. ಮಗ್ಗುಲು ಬದಲಿಸಿದಾಗ ಉಕ್ಕಿನ ಮುಳ್ಳನ್ನೂ ಬದಲಿಸಬೇಕು.

ಆ ಕಾಲದ ಅಳತೆಗೋಲು ಸರಳವಾಗಿತ್ತು: ಹಾಡಿನ ಮಾತು ಬಿಡಿಸಿ ಬಿಡಿಸಿ ಕೇಳಬೇಕು. 1925ಕ್ಕೆ ಮೊದಲು ಗಾಯಕರು ಒಂದು ದೊಡ್ಡ ಕಹಳೆಯ ಬಾಯಿಗೆ ಮುಖವಿಟ್ಟು ಹಾಡಬೇಕಿತ್ತು. ಆ ಕಸುವಿನಿಂದಲೇ ಮುಳ್ಳು ಮೇಣವನ್ನು ಕೊರೆಯಬೇಕಿತ್ತು. ಮಂದ್ರದ ಆಳವಾಗಲಿ ತಾರದ ಮಿನುಗಾಗಲಿ ತಟ್ಟೆಗೆ ಪೂರ್ತಿ ಇಳಿಯುತ್ತಿರಲಿಲ್ಲ. 1925ರಲ್ಲಿ ಮೈಕ್ರೋಫೋನಿನ ಮೂಲಕ ವಿದ್ಯುತ್ತಿನಿಂದ ಮುದ್ರಿಸುವ ಕ್ರಮ ಬಂದ ಮೇಲೆ ಸ್ಥಿತಿ ಸುಧಾರಿಸಿತು. ನಾಟಕದ ಹಾಡುಗಳನ್ನು ಈ ತಟ್ಟೆಗಳಿಂದ ಕೇಳಿ ಬಾಯಿಪಾಠ ಮಾಡಿದ ನಮ್ಮ ಹಿಂದಿನ ತಲೆಮಾರಿನವರು ಪೆಟ್ಟಿಗೆಯ ಗುಣವನ್ನು ಹೇಳುವಾಗ ‘ಸಾಹಿತ್ಯ ಚೆನ್ನಾಗಿ ತಿಳೀತದೆ’ ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚಿನ ಪ್ರಶಂಸೆ ಅವರ ಬಳಿ ಇರಲಿಲ್ಲ.

ಈ ಹೋಲಿಕೆಯ ಚಟ ಸಾಗರದಾಚೆಯೂ ಇತ್ತು. ಅಮೆರಿಕದಲ್ಲಿ ಥಾಮಸ್ ಎಡಿಸನ್ನನ ಕಂಪನಿಯು 1915ರಿಂದ ಹತ್ತು ವರ್ಷಗಳ ಕಾಲ ಊರೂರಿನ ಸಭಾಂಗಣಗಳಲ್ಲಿ ಒಂದು ಪರೀಕ್ಷೆಯನ್ನು ಏರ್ಪಡಿಸುತ್ತಿತ್ತು. ವೇದಿಕೆಯ ಮೇಲೆ ಗಾಯಕಿ, ಪಕ್ಕದಲ್ಲಿ ಯಂತ್ರ. ನಡುವೆ ದೀಪವಾರಿಸುತ್ತಿದ್ದರು. ಈಗ ಹಾಡುತ್ತಿರುವುದು ಗಾಯಕಿಯೋ ಯಂತ್ರವೋ? ಸಭಿಕರಿಗೆ ತಿಳಿಯುತ್ತಿರಲಿಲ್ಲವೆಂದು ಅಂದಿನ ಪತ್ರಿಕೆಗಳು ಬರೆದವು. ಇಂದು ಆ ತಟ್ಟೆಗಳನ್ನು ಕೇಳಿದರೆ ನಮಗೆ ನಗೆ ಬರುತ್ತದೆ. ಆದರೆ ಗುಟ್ಟು ಬೇರೆ ಇತ್ತು. ಆ ಪ್ರದರ್ಶನಗಳಲ್ಲಿ ಹಾಡಿದ ಆನಾ ಕೇಸ್ ಎಂಬ ಗಾಯಕಿಯೇ ಮುಂದೆ ಹೇಳಿಕೊಂಡಂತೆ, ಆಕೆ ತನ್ನ ದನಿಯನ್ನು ತಗ್ಗಿಸಿ ಯಂತ್ರಕ್ಕೆ ಸರಿಹೊಂದಿಸಿಕೊಳ್ಳುತ್ತಿದ್ದಳು. ಯಂತ್ರ ಮನುಷ್ಯನನ್ನು ಅನುಕರಿಸುವ ಬದಲು ಮನುಷ್ಯನೇ ಯಂತ್ರವನ್ನು ಅನುಕರಿಸಿದ ಪ್ರಸಂಗವಿದು. ದನಿಯ ಮಟ್ಟ ಸಮನಾದಾಗ ಕಿವಿ ಎಷ್ಟು ಸುಲಭವಾಗಿ ಸೋಲುತ್ತದೆ ಎಂಬುದನ್ನು ಓದುಗರು ಇಲ್ಲಿ ಗಮನಿಸಬೇಕು. ಮುಂದೆ ಇದರ ಅಗತ್ಯ ಬೀಳುತ್ತದೆ.

ಎರಡನೆಯ ಘಟ್ಟ ರೇಡಿಯೋದ್ದು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ 30 ವ್ಯಾಟಿನ ಪ್ರಸಾರ ಯಂತ್ರವಿಟ್ಟು ‘ಆಕಾಶವಾಣಿ’ಯನ್ನು ಆರಂಭಿಸಿದುದು ಎಲ್ಲರಿಗೂ ತಿಳಿದ ವಿಷಯ. ಬೆಂಗಳೂರು ಕೇಂದ್ರ 1955ರಲ್ಲಿ ಬಂತು. ನಮ್ಮ ಸೀಮೆಗೆ ಹತ್ತಿರದ ಭದ್ರಾವತಿ ಕೇಂದ್ರ 1965ರಲ್ಲಿ ಶುರುವಾಯಿತು. ವಾಲ್ವ್ ರೇಡಿಯೋ ಎಂದರೆ ಮರದ ದೊಡ್ಡ ಪೆಟ್ಟಿಗೆ. ಗುಂಡಿ ತಿರುಗಿಸಿದ ಮೇಲೆ ವಾಲ್ವು ಕಾದು ದನಿ ಹೊರಡಲು ಅರ್ಧ ನಿಮಿಷವಾದರೂ ಬೇಕು. ಕರೆಂಟಿಲ್ಲದ ಹಳ್ಳಿಗಳಲ್ಲಿ ಇಟ್ಟಿಗೆಯಂಥ ಬ್ಯಾಟರಿಗಳಿಂದ ನಡೆಯುವ ಸೆಟ್ಟುಗಳಿದ್ದವು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1947ರ ಡಿಸೆಂಬರಿನಲ್ಲಿ ಹುಟ್ಟಿದ ಟ್ರಾನ್ಸಿಸ್ಟರು ಇದನ್ನೆಲ್ಲ ಬದಲಿಸಿತು. ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು 1961ರಲ್ಲಿ ರೇಡಿಯೋ ವಾಲ್ವುಗಳನ್ನೂ ಅದರ ಮರುವರ್ಷವೇ ಜರ್ಮೇನಿಯಮ್ ಟ್ರಾನ್ಸಿಸ್ಟರುಗಳನ್ನೂ ತಯಾರಿಸತೊಡಗಿತು. ಹಳೆಯದೂ ಹೊಸದೂ ಒಂದೇ ಕಾರ್ಖಾನೆಯಿಂದ ಒಂದೇ ವರ್ಷದ ಅಂತರದಲ್ಲಿ ಹೊರಬಿದ್ದುದು ಆ ಸಂಧಿಕಾಲದ ಗುರುತು.

ವಾಲ್ವ್ ಸೆಟ್ಟಿನ ಮಾಲೀಕರು ಟ್ರಾನ್ಸಿಸ್ಟರನ್ನು ‘ಡಬ್ಬಿಯೊಳಗಿನ ಜೀರುಂಡೆ’ ಎಂದು ಹಂಗಿಸುತ್ತಿದ್ದರು. ಆ ಹಂಗಿನಲ್ಲಿ ಅರ್ಧ ಸತ್ಯವಿತ್ತು. ಮರದ ಪೆಟ್ಟಿಗೆಯಲ್ಲಿ ಎಂಟಂಗುಲದ ಸ್ಪೀಕರು, ಡಬ್ಬಿಯಲ್ಲಿ ಮೂರಂಗುಲದ್ದು. ಮಂದ್ರಸ್ವರಕ್ಕೆ ಬೇಕಾದಷ್ಟು ಗಾಳಿಯನ್ನು ಪುಟ್ಟ ಸ್ಪೀಕರು ತಳ್ಳಲಾರದು. ಹಾಗಿರುವಾಗ ದನಿಯ ವ್ಯತ್ಯಾಸಕ್ಕೆ ಬಹುಮಟ್ಟಿಗೆ ಕಾರಣ ಸ್ಪೀಕರೇ ಹೊರತು ವಾಲ್ವು, ಟ್ರಾನ್ಸಿಸ್ಟರುಗಳ ಜಾತಿಭೇದವಲ್ಲ. ಮೇಲಾಗಿ ಮಧ್ಯಮ ತರಂಗದ ಪ್ರಸಾರದಲ್ಲಿ ಸುಮಾರು 5,000 ಹರ್ಟ್ಸ್‌ಗಿಂತ ಮೇಲಿನ ಸ್ವರಾಂಶಗಳು ಇರುವುದೇ ಇಲ್ಲ. ಇಲ್ಲದುದನ್ನು ಯಾವ ಸೆಟ್ಟು ತಾನೇ ಕೇಳಿಸೀತು?

1980ರ ದಶಕದ ಕೊನೆಯಲ್ಲಿ, ಹೊಳಲ್ಕೆರೆ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿಗೆ ‘ಶಬ್ದ’ ಎಂಬ ಪಾಠ ಮಾಡುತ್ತಿದ್ದಾಗ, ಎರಡು ಟ್ರಾನ್ಸಿಸ್ಟರುಗಳನ್ನು ತರಿಸಿ ಪರದೆಯ ಹಿಂದೆ ಇಟ್ಟು, ಭದ್ರಾವತಿಯ ಒಂದೇ ಕಾರ್ಯಕ್ರಮವನ್ನು ಎರಡರಲ್ಲಿಯೂ ಒಂದಾದ ಮೇಲೊಂದರಂತೆ ಕೇಳಿಸಿದೆ. ಮೊದಲ ಸುತ್ತಿನಲ್ಲಿ ಒಂದರ ದನಿಯನ್ನು ಕೂದಲೆಳೆಯಷ್ಟು ಏರಿಸಿದ್ದೆ. ತರಗತಿಯ ಬಹುಪಾಲು ಮಕ್ಕಳು ‘ಒಂದನೇದೇ ಚೆಂದ ಸಾರ್’ ಎಂದು ಕೈಯೆತ್ತಿದರು. ಎರಡನೆಯ ಸುತ್ತಿನಲ್ಲಿ ಗುಟ್ಟಾಗಿ ಏರಿಳಿತವನ್ನು ಅದಲುಬದಲು ಮಾಡಿದೆ; ಕೈಗಳೂ ಅದಲುಬದಲಾದವು. ಕೊನೆಗೆ ಎರಡನ್ನೂ ಸಮ ಮಾಡಿದಾಗ ತರಗತಿ ಇಬ್ಭಾಗವಾಯಿತು. ‘ಚೆಂದ’ ಎಂಬುದರಲ್ಲಿ ‘ಜೋರು’ ಎಷ್ಟು ಬೆರೆತಿದೆ ಎಂಬುದನ್ನು ಕಪ್ಪುಹಲಗೆಯ ಮೇಲೆ ಒಂದು ವಾರ ಬರೆದರೂ ಅಷ್ಟು ಚೆನ್ನಾಗಿ ತಿಳಿಸಲು ಆಗುತ್ತಿರಲಿಲ್ಲ.

ಜೋರಿನ ವಿಷಯ ಬಂದ ಮೇಲೆ ಮೈಕ್ ಸೆಟ್ಟನ್ನು ಮರೆಯುವಂತಿಲ್ಲ. ‘ಹೊತ್ತೊಯ್ಯುವ ಆಂಪ್ಲಿಫೈಯರ್’ ಎಂದರೆ ನಮ್ಮ ಸೀಮೆಯಲ್ಲಿ ಬಹುಕಾಲ ಅದೇ ಆಗಿತ್ತು. 1940ರಲ್ಲಿ ಆರಂಭವಾದ ಅಹುಜಾ ಸಂಸ್ಥೆಯ ಆಂಪ್ಲಿಫೈಯರು, ಲಾರಿಯ ಬ್ಯಾಟರಿ, ಎರಡು ಹಾರನ್ನುಗಳು – ಇಷ್ಟನ್ನು ಗಾಡಿಯಲ್ಲಿ ಹೇರಿಕೊಂಡು ಹೋದರೆ ಹಿರಿಯೂರಿನ ತೇರುಮಲ್ಲೇಶ್ವರನ ಜಾತ್ರೆಯಿಂದ ಹಿಡಿದು ಹೊಸದುರ್ಗದ ಹಳ್ಳಿಯ ಮದುವೆಯವರೆಗೆ ಎಲ್ಲವೂ ನಡೆಯುತ್ತಿತ್ತು. ಇಲ್ಲಿ ಅಳತೆಗೋಲು ಬೇರೆ: ಎಷ್ಟು ದೂರ ಕೇಳುತ್ತದೆ? ಮನೆಯ ಸ್ಪೀಕರು ಒಂದು ವ್ಯಾಟಿಗೆ ಒಂದು ಮೀಟರು ದೂರದಲ್ಲಿ 85ರಿಂದ 90 ಡೆಸಿಬೆಲ್ ದನಿ ಕೊಟ್ಟರೆ ಹಾರನ್ನು 105ರ ಆಸುಪಾಸು ಕೊಡುತ್ತದೆ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ 6 ಡೆಸಿಬೆಲ್ ಇಳಿಯುವುದರಿಂದ ಈ ಹೆಚ್ಚಳವೇ ಊರಿನಾಚೆಗೂ ಹಾಡನ್ನು ಮುಟ್ಟಿಸುತ್ತಿತ್ತು. ಆದರೆ ಹಾರನ್ನು ನಡುವಿನ ಸ್ವರಗಳಿಗೆ ಮಾತ್ರ ಒಡೆಯ. ಕೆಳಗಿನದನ್ನೂ ಮೇಲಿನದನ್ನೂ ಅದು ನುಂಗಿಬಿಡುತ್ತದೆ.

ಇದಕ್ಕೆ ನಮ್ಮೂರಿನದೇ ನಿದರ್ಶನವಿದೆ. ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ದುರ್ಗದ ಕೋಟೆಯಲ್ಲಿ ಚಿತ್ರಿಸಿದ ‘ನಾಗರಹಾವು’ 1972ರಲ್ಲಿ ತೆರೆಕಂಡಿತು. ವಿಜಯಭಾಸ್ಕರ್ ಅವರ ಸಂಗೀತದಲ್ಲಿ ಪಿ.ಬಿ. ಶ್ರೀನಿವಾಸ್ ಹಾಡಿದ ಓಬವ್ವನ ಹಾಡು ಆಮೇಲೆ ಎಷ್ಟೋ ವರ್ಷ ನಮ್ಮ ಹಾರನ್ನುಗಳಲ್ಲಿ ಮೊಳಗಿತು. ಆ ಗಾಯಕರ ಕಂಠದ ಸೊಗಸಿರುವುದೇ ಮಂದ್ರದ ಮಾರ್ದವದಲ್ಲಿ. ಹಾರನ್ನಿನಲ್ಲಿ ಕೇಳಿ ಬೆಳೆದ ನಾವು ಅದೇ ಹಾಡನ್ನು ಎಷ್ಟೋ ವರ್ಷಗಳ ಮೇಲೆ ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿದಾಗ, ಇಷ್ಟು ದಿನ ಹಾಡಿನ ಅರ್ಧವನ್ನು ಮಾತ್ರ ಕೇಳಿದ್ದೆವೆಂಬುದು ತಿಳಿಯಿತು. ಆದರೂ ಹಾರನ್ನಿನ ಆ ಅರ್ಧ ಹಾಡಿಗೆ ಊರಿಗೂರೇ ಕಿವಿಗೊಡುತ್ತಿತ್ತು. ಆ ಸಡಗರ ಅತಿಗೆ ಹೋದಾಗ ಸರ್ಕಾರವೇ ಅಂಕುಶ ಹಾಕಬೇಕಾಯಿತು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕವನ್ನು ನಿರ್ಬಂಧಿಸಿದವು.

ಮೂರನೆಯದು ಕ್ಯಾಸೆಟ್ಟಿನ ಕಾಲ. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಈ ಪುಟ್ಟ ಸುರುಳಿ ಕನ್ನಡ ಸುಗಮ ಸಂಗೀತದ ಹಣೆಬರಹವನ್ನೇ ಬದಲಿಸಿತು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಬಂದು ಕವಿತೆಯನ್ನು ಮನೆಮನೆಗೆ ತಲುಪಿಸಿತು. ರೇಡಿಯೋ, ಟೇಪು ಎರಡೂ ಒಂದರಲ್ಲಿಯೇ ಇದ್ದ ‘ಟೂ ಇನ್ ಒನ್’ ಮಧ್ಯಮ ವರ್ಗದ ಹೆಮ್ಮೆಯ ವಸ್ತುವಾಯಿತು. ಮದುವೆಯ ಉಡುಗೊರೆಯಲ್ಲಿಯೂ ಅದಕ್ಕೆ ಅಗ್ರಸ್ಥಾನ. ಆಗಿನ ಅಳತೆಗೋಲು ‘ಬೇಸು’ – ಎದೆಯಲ್ಲಿ ಗುಂಯ್ ಎನ್ನಬೇಕು! ಹೋಟೆಲುಗಳಲ್ಲಿ, ಬಸ್ಸುಗಳಲ್ಲಿ ಆ ಗುಂಯ್‌ಕಾರದ ಪೈಪೋಟಿಯೇ ನಡೆಯಿತು.

ಅದೇ ಹೊತ್ತಿಗೆ ಜಪಾನಿನಲ್ಲಿ ಇನ್ನೊಂದು ದೊಡ್ಡ ತಿರುವು ಕಾಣಿಸಿಕೊಂಡಿತು. ಸೋನಿ ಕಂಪನಿ 1979ರ ಜುಲೈ 1ರಂದು ಮೊದಲ ವಾಕ್‌ಮನ್ ಬಿಡುಗಡೆ ಮಾಡಿತು. ಅದರಲ್ಲಿ ಸ್ಪೀಕರೇ ಇರಲಿಲ್ಲ. ಕುತೂಹಲದ ಸಂಗತಿಯೆಂದರೆ ಹೆಡ್‌ಫೋನ್ ಸಿಕ್ಕಿಸಲು ಎರಡು ರಂಧ್ರಗಳಿದ್ದವು, ಕೇಳುವಾಗ ಪರಸ್ಪರ ಮಾತಾಡಲು ಒಂದು ಗುಂಡಿಯೂ ಇತ್ತು. ಒಬ್ಬನೇ ಕಿವಿಮುಚ್ಚಿ ಹಾಡು ಕೇಳುವುದು ಅಸಭ್ಯವೆನಿಸೀತೆಂದು ಕಂಪನಿಯ ಮುಖ್ಯಸ್ಥ ಅಕಿಯೊ ಮೊರಿಟಾ ಅಂಜಿದ್ದರಂತೆ. ಅಂಜಿಕೆ ಸುಳ್ಳಾಯಿತು; ಜನ ಒಂಟಿಯಾಗಿಯೇ ಕೇಳಿದರು. ಬರುಬರುತ್ತ ಎರಡನೆಯ ರಂಧ್ರ ಮಾಯವಾಯಿತು. ಊರಿಗೆ ಊರೇ ಕೇಳುತ್ತಿದ್ದ ಹಾಡು ಒಬ್ಬನ ಕಿವಿಯೊಳಗೆ ಸೇರಿಕೊಂಡ ಕಥೆಯನ್ನು ಈ ರಂಧ್ರದ ಕಥೆಯಲ್ಲಿಯೇ ಹೇಳಿಬಿಡಬಹುದು.

ಮುಂದಿನದು ಅಂಕಿಗಳ ಯುಗ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯು ದನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಒಂದೊಂದು ಅಳತೆಯನ್ನೂ 16 ಬಿಟ್ಟುಗಳಲ್ಲಿ ಬರೆದಿಡುತ್ತದೆ. ಇದರಿಂದ ಸುಮಾರು 20,000 ಹರ್ಟ್ಸ್‌ವರೆಗಿನ ಸ್ವರಗಳೂ 96 ಡೆಸಿಬೆಲ್‌ನಷ್ಟು ಏರಿಳಿತವೂ ಅದರಲ್ಲಿ ಅಡಗುತ್ತವೆ. ಸಿ.ಡಿ.ಯ ಒಂದು ನಿಮಿಷಕ್ಕೆ ಹತ್ತು ಮೆಗಾಬೈಟ್ ಬೇಕಾದರೆ, ಕಿವಿಗೆ ಅಷ್ಟಾಗಿ ತಿಳಿಯದ ಅಂಶಗಳನ್ನು ಕಳೆದು ಕುಗ್ಗಿಸುವ ಎಂಪಿ3 ವಿಧಾನದಲ್ಲಿ ಒಂದೇ ಮೆಗಾಬೈಟ್ ಸಾಕಾಯಿತು. 2001ರಲ್ಲಿ ಆಪಲ್ ಸಂಸ್ಥೆಯ ಐಪಾಡ್ ‘ಸಾವಿರ ಹಾಡು ಜೇಬಿನಲ್ಲಿ’ ಎಂದು ಸಾರಿತು. ಆಮೇಲಿನ ವರ್ಷಗಳಲ್ಲಿ ನಮ್ಮ ತಾಲ್ಲೂಕು ಕೇಂದ್ರಗಳ ಬಸ್ ನಿಲ್ದಾಣದ ಬಳಿಯ ಮೊಬೈಲ್ ಅಂಗಡಿಗಳಲ್ಲಿ ಹತ್ತಿಪ್ಪತ್ತು ರೂಪಾಯಿ ಕೊಟ್ಟರೆ ಮೆಮೊರಿ ಕಾರ್ಡಿನ ತುಂಬ ಹಾಡು ತುಂಬಿಸಿಕೊಡುತ್ತಿದ್ದರು.

ಈ ಅಗ್ಗದ ಸಮೃದ್ಧಿಗೆ ಪ್ರತಿಯಾಗಿಯೇ ದುಬಾರಿ ಪ್ಲೇಯರುಗಳು ಹುಟ್ಟಿದವು. ಕೊರಿಯಾದ ಐರಿವರ್ ಕಂಪನಿ 2012ರಲ್ಲಿ ಆಸ್ಟೆಲ್ ಅಂಡ್ ಕರ್ನ್ ಎಂಬ ಹೆಸರಿನಲ್ಲಿ 24 ಬಿಟ್ಟಿನ ಮುದ್ರಣಗಳನ್ನು ನುಡಿಸುವ ಪ್ಲೇಯರನ್ನು ಹೊರತಂದಿತು. ಇಂಗ್ಲೆಂಡಿನ ಕಾರ್ಡ್ ಸಂಸ್ಥೆ 2015ರಲ್ಲಿ ಮೋಜೋ ಎಂಬ ಜೇಬಿನ ಆಂಪ್ಲಿಫೈಯರನ್ನು ಸುಮಾರು 400 ಪೌಂಡಿಗೆ ಮಾರಿತು. ಸೋನಿಯ 2016ರ ಒಂದು ವಾಕ್‌ಮನ್ನಿಗೆ ತಾಮ್ರದ ಒಡಲು, ಅದರ ಮೇಲೆ ಚಿನ್ನದ ಲೇಪ, ಬೆಲೆ ಸುಮಾರು 3,200 ಡಾಲರ್! ಇವುಗಳ ಅಳತೆಗೋಲು ಸೂಕ್ಷ್ಮತೆ: ಹಾಡುಗಾರನ ಉಸಿರು ಕೇಳಬೇಕು, ಸ್ವರಗಳ ನಡುವಿನ ಮೌನವೂ ಕೇಳಬೇಕು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಈ ಪೆಟ್ಟಿಗೆಗಳ ದನಿಯಲ್ಲಿ ವ್ಯತ್ಯಾಸ ಉಂಟೇ? 2007ರಲ್ಲಿ ಅಮೆರಿಕದ ಮೇಯರ್ ಮತ್ತು ಮೊರಾನ್ ಎಂಬಿಬ್ಬರು ಹೆಚ್ಚು ಸೂಕ್ಷ್ಮತೆಯ ಮುದ್ರಣವನ್ನು ಒಮ್ಮೆ ನೇರವಾಗಿಯೂ ಮತ್ತೊಮ್ಮೆ ಸಿ.ಡಿ.ಯ ಮಟ್ಟಕ್ಕೆ ಇಳಿಸಿಯೂ ಕೇಳಿಸಿ, ಯಾವುದು ಯಾವುದೆಂದು ಹೇಳದೆ 554 ಸಲ ಪರೀಕ್ಷಿಸಿದರು. ಸರಿಯುತ್ತರ ಬಂದದ್ದು 276 ಸಲ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. 2016ರಲ್ಲಿ ಲಂಡನ್ನಿನ ಜೋಶುವಾ ರೈಸ್ ಅವರು ಇಂಥ 18 ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಸರಿಯುತ್ತರ ನೂರಕ್ಕೆ 52.3ರಷ್ಟಾಯಿತು, ತರಬೇತಿ ಪಡೆದವರಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಅಂದರೆ ವ್ಯತ್ಯಾಸ ಇಲ್ಲವೆನ್ನುವಂತಿಲ್ಲ, ಇದ್ದರೂ ಎಳ್ಳಿನಷ್ಟು. ಅದನ್ನು ಗುರುತಿಸಬೇಕಾದರೆ ಎರಡರ ದನಿಯ ಮಟ್ಟವನ್ನೂ ಡೆಸಿಬೆಲ್ಲಿನ ಹತ್ತನೆಯ ಒಂದಂಶದೊಳಗೆ ಸಮಗೊಳಿಸಬೇಕು, ಯಾವುದು ನುಡಿಯುತ್ತಿದೆಯೆಂದು ತಿಳಿಯಬಾರದು, ಒಂದರಿಂದ ಇನ್ನೊಂದಕ್ಕೆ ಕ್ಷಣಮಾತ್ರದಲ್ಲಿ ದಾಟಬೇಕು. ಸೂಕ್ಷ್ಮನಾದದ ನೆನಪು ಕಿವಿಯಲ್ಲಿ ಕೆಲವು ಸೆಕೆಂಡುಗಳಿಗಿಂತ ಹೆಚ್ಚು ನಿಲ್ಲುವುದಿಲ್ಲ. ನಿನ್ನೆ ಕೇಳಿದ್ದನ್ನು ಇಂದು ಕೇಳಿದುದಕ್ಕೆ ಹೋಲಿಸುವುದು ಕಿವಿಗಿಂತ ಹೆಚ್ಚಾಗಿ ಕಲ್ಪನೆಯ ಕೆಲಸ.

ಆಂಪ್ಲಿಫೈಯರಿನಿಂದ ಉಪಯೋಗವೇ ಇಲ್ಲವೆಂದು ಇದರ ಅರ್ಥವಲ್ಲ. 300 ಓಮ್ ತಡೆಯ ದೊಡ್ಡ ಹೆಡ್‌ಫೋನಿಗೆ ಮೊಬೈಲಿನ ವೋಲ್ಟೇಜು ಸಾಲದು. ಅಲ್ಲಿ ಪ್ರತ್ಯೇಕ ಆಂಪ್ಲಿಫೈಯರು ಬೇಕು. ಕಿವಿಯೊಳಗೆ ಇಡುವ 16 ಅಥವಾ 32 ಓಮಿನ ಇಯರ್‌ಫೋನುಗಳಿಗೆ ಆ ಅಗತ್ಯ ಕಡಿಮೆ. ಆಂಪ್ಲಿಫೈಯರಿನ ಒಳತಡೆ ಇಯರ್‌ಫೋನಿನ ತಡೆಯ ಎಂಟನೆಯ ಒಂದು ಭಾಗಕ್ಕಿಂತ ಕಡಿಮೆಯಿದ್ದರೆ ದನಿಯ ಬಣ್ಣ ಕೆಡುವುದಿಲ್ಲವೆಂಬುದು ರೂಢಿಯ ಲೆಕ್ಕ. ಅಮೆರಿಕದಲ್ಲಿ 9 ಡಾಲರಿಗೆ ಮಾರಾಟವಾದ ಆಪಲ್ ಸಂಸ್ಥೆಯ ಪುಟ್ಟ ತಂತಿಯ ಕೊಂಡಿ ಕೂಡ ಅಳತೆಯಲ್ಲಿ ಸಿ.ಡಿ.ಯ ಮಟ್ಟವನ್ನು ಮುಟ್ಟಿದೆ. ನಿಜವಾಗಿ ದನಿಯನ್ನು ಬದಲಿಸುವುದು ಹೆಡ್‌ಫೋನು; ಅದಕ್ಕಿಂತ ಮಿಗಿಲಾಗಿ ಮೂಲ ಮುದ್ರಣ. ಅರವತ್ತು ದಾಟಿದ ನನ್ನಂಥವರ ಕಿವಿಗೆ ಮೇಲಿನ ಸ್ವರಾಂಶಗಳು ತಾವಾಗಿಯೇ ಮಂಕಾಗಿರುತ್ತವೆ; ತರುಣರು ತಮ್ಮದನ್ನು ಉಳಿಸಿಕೊಳ್ಳಲೆಂದು ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 40 ಗಂಟೆ, 80 ಡೆಸಿಬೆಲ್ ಎಂಬ ಮಿತಿಯನ್ನು ಸೂಚಿಸಿದೆ.

ಮೂಲ ಮುದ್ರಣ ಎಂದಾಗ ನನ್ನ ಮನಸ್ಸು ನಮ್ಮ ಜಿಲ್ಲೆಯ ಕಡೆಗೇ ತಿರುಗುತ್ತದೆ. ಕಾಡುಗೊಲ್ಲರು ಜುಂಜಪ್ಪನ ಕಾವ್ಯ ಹಾಡುವಾಗ ಊದುವ ಗಣೆ ಎಂಬ ಉದ್ದನೆಯ ಬಿದಿರ ವಾದ್ಯವನ್ನು ಕೇಳಿದವರಿಗೆ ಗೊತ್ತು, ಅದರಲ್ಲಿ ಸ್ವರದಷ್ಟೇ ಉಸಿರೂ ಇದೆ. ಪ್ಲೇಯರಿನ ಸೂಕ್ಷ್ಮತೆಯನ್ನು ಒರೆಗೆ ಹಚ್ಚಲು ಅದಕ್ಕಿಂತ ಉತ್ತಮ ನಾದ ಬೇಕೆ? ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿ ಅಕ್ಷರ ಕಲಿಯದೆ ಸಾವಿರಾರು ಪದಗಳನ್ನು ನೆನಪಿನಲ್ಲಿ ಹೊತ್ತಿದ್ದರು. ಕೃಷ್ಣಮೂರ್ತಿ ಹನೂರರು ಅವನ್ನು ಬರೆದುಕೊಂಡು ಪುಸ್ತಕ ಮಾಡಿದುದರಿಂದ ಮಾತು ಉಳಿಯಿತು. ಆದರೆ ಅಚ್ಚಿನಲ್ಲಿ ಕಂಠ ಬರುವುದಿಲ್ಲ. ಎಚ್.ಎಲ್. ನಾಗೇಗೌಡರು ಕಟ್ಟಿದ ರಾಮನಗರದ ಜಾನಪದ ಲೋಕದಲ್ಲಿ ಇಂಥ ದನಿಗಳ ಸಂಗ್ರಹವಿರುವುದು ನಾಡಿನ ಪುಣ್ಯ. ಅಲ್ಲಿಗೆ ತಲುಪದ ದನಿಗಳು ಎಷ್ಟೋ! 1980 ಮತ್ತು 90ರ ದಶಕಗಳಲ್ಲಿ ಟೂ ಇನ್ ಒನ್ ಇದ್ದ ಮನೆಗಳವರು ಅಜ್ಜಿಯ ಸೋಬಾನೆ, ಊರಿನ ಭಜನೆ, ಬಯಲಾಟದ ಭಾಗವತಿಕೆ ಇವನ್ನೆಲ್ಲ ಖಾಲಿ ಕ್ಯಾಸೆಟ್ಟುಗಳಲ್ಲಿ ತುಂಬಿಸಿಟ್ಟರು. ಆ ಕ್ಯಾಸೆಟ್ಟುಗಳು ಇಂದು ಟ್ರಂಕಿನ ತಳದಲ್ಲಿವೆ. ಸುರುಳಿಗೆ ಬೂಸಲು ಹಿಡಿಯುತ್ತದೆ, ಅಂಟು ಸಡಿಲಿ ಕಂದುಬಣ್ಣದ ಲೇಪ ಉದುರುತ್ತದೆ. ಉದುರಿದ ಲೇಪದೊಂದಿಗೆ ದನಿಯೂ ಹೋಯಿತು.

ಆದ್ದರಿಂದ ‘ಯಾವುದನ್ನು ಕೊಳ್ಳಲಿ’ ಎಂದು ಕೇಳುವ ನನ್ನ ವಿದ್ಯಾರ್ಥಿಗಳಿಗೆ ಉತ್ತರವಿಷ್ಟೆ. ಸಾಧಾರಣ ಬೆಲೆಯ ಪ್ಲೇಯರು ಸಾಕು. ಹೆಡ್‌ಫೋನು ಮಾತ್ರ ಚೆನ್ನಾಗಿರಲಿ. ಮಿಕ್ಕ ಹಣದಲ್ಲಿ ಸುಸ್ಥಿತಿಯಲ್ಲಿರುವ ಒಂದು ಹಳೆಯ ಕ್ಯಾಸೆಟ್ ಡೆಕ್ ಹುಡುಕಿ ಕೊಳ್ಳಿರಿ. ಅದರ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಮನೆಯ ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿರಿ. ಎಂಪಿ3 ಬೇಡ, ಕುಗ್ಗಿಸದ ರೂಪದಲ್ಲಿಯೇ ಇಡಿರಿ. ಎರಡು ಪ್ರತಿ ಮಾಡಿ ಎರಡು ಕಡೆ ಇರಿಸಿರಿ. ಹಾಡಿದವರ ಹೆಸರು, ಊರು, ವರ್ಷ ಬರೆಯಲು ಮರೆಯಬೇಡಿರಿ. ಹೇಳಬಲ್ಲ ಹಿರಿಯರು ಇನ್ನೂ ಇರುವಾಗಲೇ ಕೇಳಿ ಬರೆದುಕೊಳ್ಳಿರಿ. ಪ್ಲೇಯರುಗಳು ವರ್ಷಕ್ಕೊಂದು ಹೊಸದು ಬರುತ್ತವೆ. ಇವತ್ತಲ್ಲದಿದ್ದರೆ ನಾಳೆಯಾದರೂ ಕೊಳ್ಳಬಹುದು. ಕ್ಯಾಸೆಟ್ಟಿನ ಕೆಲಸವನ್ನು ಮಾತ್ರ ಈ ಬೇಸಿಗೆ ರಜೆಯಲ್ಲಿಯೇ ಮುಗಿಸಿರಿ, ಮಳೆಗಾಲದ ತೇವ ಟ್ರಂಕಿಗೆ ಇಳಿಯುವುದರೊಳಗೆ.